‘ಜಾನೆ ಭೀ ದೋ ಯಾರೋ’ ಮತ್ತ ತೋರಿಸೂದೈತಿ: ಹೆಣದ ಪ್ರಸಂಗ ರಂಗದ ಮ್ಯಾಲ ಹೆಂಗ ಮಾಡಬೇಕು?

ಘಟಪ್ರಭಾ ದಂಡಿ (ಬಾಗಲಕೋಟೆ)

ನಮಸ್ಕಾರ್ರಿ. ನವನಗರದ ಒಂದು ಕಾಲೇಜಿನ ನಾಟಕ ತಂಡಕ್ಕ ಕುಂದನ್ ಶಾ ಅವರ ‘ಜಾನೆ ಭೀ ದೋ ಯಾರೋ’ (1983) ಅನ್ನೂ ಹಿಂದಿ ನಗಿ ಸಿನಿಮಾ ತೋರಿಸಿ, ಆಮ್ಯಾಲ ಅದರ ಕಡೀಕ ಬರೂ ಮಹಾಭಾರತದ ಪ್ರಸಂಗದ (ನಡದಿರೂ ನಾಟಕದಾಗ ಒಂದು ಹೆಣ ದ್ರೌಪದಿ ವೇಷದಾಗ ರಂಗಕ್ಕ ಬರತೈತಿ) ಧಾಟಿಯೊಳಗ 20 ನಿಮಿಷದ ಒಂದು ಪ್ರಯೋಗ ಹುಡುಗರ ಕೈಲೆ ಮಾಡಸೂದೈತಿ. ಹೆಣ ಇಟ್ಕೊಂಡು ನಗಸೂದು ಸಲೀಸಲ್ಲ, ಅದಕ್ಕ ತಿಳದವರ ಮುಂದ ಕೇಳಾಕತ್ತೀನಿ.

ಹುಡುಗರೆಲ್ಲ 19–20ರ ವಯಸ್ಸಿನವರು. ಸಿನಿಮಾದ ಮೊದಲನೇ ಅರ್ಧ ತಾಸು ಇವರಿಗೆ ನಿಧಾನ ಅನಸ್ಬಹುದು. ಕತ್ತರಿಸಿ, ಹೆಸರಾದ ದೃಶ್ಯ ಅಷ್ಟ ತೋರಿಸಿದ್ರ ನಡೀತೈತೇನು? ಎರಡನೇದ್ದು, ರಂಗದ ಮ್ಯಾಲ ಹೆಣ ಆಗಾವನ್ನ ಹೊತ್ಕೊಂಡು ತಿರಗೂದು ಹೆಂಗ? ನಮ್ಮ ಹುಡುಗ ಹತ್ರ ಹತ್ರ 70 ಕಿಲೊ ಅದಾನ. ಮೂರನೇದ್ದು, ದ್ರೌಪದಿ ಸೀರಿ ಸೆಳಿಯೂದನ್ನ ನಗಿಗೆ ಬಳಸೂದು ಈಗ ಸರಿ ಅನಸ್ತೈತೇನು? ತಂಡದಾಗಿನ ಹುಡುಗ್ಯಾರು ಈ ಪ್ರಶ್ನಿ ಎತ್ತ್ಯಾರ, ಅದು ಖರೇನೂ ಕೇಳಬೇಕಾದ ಪ್ರಶ್ನಿನ. ಅನುಮತಿ ವಿಷಯನೂ ಗೊತ್ತಿದ್ದವರು ತಿಳಸ್ರಿ. ಹಾಲ್ 40 ಅಡಿ ಉದ್ದ, 25 ಅಡಿ ಅಗಲ, ತಗಡಿನ ಛಾವಣಿ. ನೋಡಾವ್ರು ಸುಮಾರು 120 ಮಂದಿ.


ಟಿಳಕವಾಡಿ ಟಾಕೀಜ್ (ಬೆಳಗಾವಿ)

ಕತ್ತರಿಸಬೇಡಿ, ಪೂರ್ತಿ ತೋರಿಸಿ. ಕೊನೆಯ ಅರ್ಧ ತಾಸಿನ ನಗೆಗೆ ಬೇಕಾದ ಸರಕೆಲ್ಲ ಆ ನಿಧಾನದ ಭಾಗದಲ್ಲೇ ಕೂತಿದೆ. ಮುಂದೆ ಹೆಣವಾಗುವ ಮುನ್ಸಿಪಲ್ ಕಮಿಷನರ್ ಡಿಮೆಲ್ಲೊ (ಸತೀಶ್ ಶಾ) ಬದುಕಿದ್ದಾಗ ಹೇಗಿದ್ದ ಅನ್ನುವುದನ್ನು ಹುಡುಗರು ನೋಡಿರಲೇಬೇಕು. ಅಮೆರಿಕ ನೋಡಿ ಬಂದವನು ಕೇಕ್ ತಿನ್ನುವ ಕ್ರಮ ಹೇಳಿಕೊಡುತ್ತಾನೆ: ಸ್ವಲ್ಪ ತಿನ್ನಬೇಕು, ಸ್ವಲ್ಪ ಎಸೆಯಬೇಕು. ಸುತ್ತಲಿದ್ದವರು ಅದನ್ನೇ ಶಿಸ್ತಾಗಿ ಪಾಲಿಸುತ್ತಾರೆ. ಅಲ್ಲಿನ ಗಟಾರಗಳ ಬಗ್ಗೆಯಂತೂ ಆತ ದೇವಸ್ಥಾನದ ಬಗ್ಗೆ ಮಾತಾಡುವಷ್ಟು ಭಕ್ತಿಯಿಂದ ಮಾತಾಡುತ್ತಾನೆ. ಸತೀಶ್ ಶಾ ಬದುಕಿರುವ ಪಾತ್ರವಾಗಿ ತೆರೆಯ ಮೇಲೆ ಇರುವುದು ಕಡಿಮೆ ಹೊತ್ತು, ಆದರೆ ಆ ಹೊತ್ತಿನಲ್ಲೇ ಮುಖ ನೆನಪಿನಲ್ಲಿ ಅಚ್ಚೊತ್ತುತ್ತದೆ. ಅದನ್ನು ತೆಗೆದುಹಾಕಿದರೆ ಮುಂದೆ ಊರೆಲ್ಲ ಸುತ್ತುವ ಹೆಣ ಬರೀ ಒಂದು ಮೂಟೆ. ಎಲ್ಲರೂ ಕೈಮುಗಿಯುತ್ತಿದ್ದ ಅಧಿಕಾರಿಯೇ ಈಗ ಎಲ್ಲರೂ ಕಿತ್ತಾಡುವ ಸಾಮಾನಾಗಿದ್ದಾನೆ ಎಂಬ ಕಟು ಅಂಶ ಕೈತಪ್ಪುತ್ತದೆ.

ಕಥೆ ಗೊತ್ತಿಲ್ಲದವರಿಗೆ: ವಿನೋದ್ (ನಾಸಿರುದ್ದೀನ್ ಶಾ), ಸುಧೀರ್ (ರವಿ ಬಾಸ್ವಾನಿ) ಮುಂಬೈಯಲ್ಲಿ ಫೋಟೊ ಸ್ಟುಡಿಯೊ ತೆರೆದ ಬಡ ಗೆಳೆಯರು. ‘ಖಬರ್‌ದಾರ್’ ಪತ್ರಿಕೆಯ ಸಂಪಾದಕಿ ಶೋಭಾ (ಭಕ್ತಿ ಬರ್ವೆ) ಹೇಳಿದಂತೆ ಬಿಲ್ಡರ್ ತರ್ನೇಜಾನ (ಪಂಕಜ್ ಕಪೂರ್) ಬೆನ್ನು ಹತ್ತುತ್ತಾರೆ. ಉದ್ಯಾನದಲ್ಲಿ ತೆಗೆದ ಫೋಟೊ ದೊಡ್ಡದು ಮಾಡುತ್ತ ಹೋದಾಗ ಅದರೊಳಗೆ ಒಂದು ಕೊಲೆ ಕಾಣುತ್ತದೆ; ಸತ್ತವನು ಡಿಮೆಲ್ಲೊ. ಆ ಉದ್ಯಾನಕ್ಕೆ ಆಂಟೋನಿಯೋನಿ ಪಾರ್ಕ್ ಎಂದು ಹೆಸರಿಟ್ಟಿದ್ದಾರೆ. ಫೋಟೊ ಹಿಗ್ಗಿಸಿ ಕೊಲೆ ಹುಡುಕುವ ಕಥೆಯ ‘ಬ್ಲೋ-ಅಪ್’ (1966) ನಿರ್ದೇಶಕನಿಗೆ ಸಲ್ಲಿಸಿದ ಗೌರವ ಅದು. ಇದನ್ನು ಮೊದಲೇ ಒಂದು ಮಾತಿನಲ್ಲಿ ಹೇಳಿಬಿಡಿ.

ನಾಟಕದ ಹುಡುಗರಿಗೆ ನಾನು ಎಲ್ಲಕ್ಕಿಂತ ಹೆಚ್ಚು ತೋರಿಸಬೇಕೆನ್ನುವುದು ಮಹಾಭಾರತದ ದೃಶ್ಯವನ್ನಲ್ಲ, ಅದಕ್ಕೂ ಮುಂಚಿನ ಶವಪೆಟ್ಟಿಗೆಯ ದೃಶ್ಯವನ್ನು. ಕುಡಿದು ಬಂದ ಎದುರಾಳಿ ಬಿಲ್ಡರ್ ಆಹುಜಾ (ಓಂ ಪುರಿ) ರಸ್ತೆಯಲ್ಲಿ ಹೆಣದ ಸಮೇತ ಬಿದ್ದಿರುವ ಪೆಟ್ಟಿಗೆಯನ್ನು ಕೆಟ್ಟು ನಿಂತ ಕಾರು ಅಂದುಕೊಳ್ಳುತ್ತಾನೆ. ಹೆಣವನ್ನು ಅದರ ಮಾಲೀಕನೆಂದು ತಿಳಿದು ಮಾತಾಡಿಸುತ್ತಾನೆ, ಉತ್ತರ ಬಾರದಾಗ ಸಿಟ್ಟಾಗುತ್ತಾನೆ, ಮತ್ತೆ ತಾನೇ ಕನಿಕರಪಟ್ಟು ಸಹಾಯಕ್ಕೆ ನಿಲ್ಲುತ್ತಾನೆ, ಕೊನೆಗೆ ತನ್ನ ಕಾರಿಗೆ ಕಟ್ಟಿ ಎಳೆದುಕೊಂಡು ಹೊರಡುತ್ತಾನೆ. ಓಂ ಪುರಿ ಒಮ್ಮೆಯೂ ನಗಿಸಲು ಹೋಗಿಲ್ಲ. ಆ ಮನುಷ್ಯನಿಗೆ ಅದು ಖರೇ ಕಾರು, ಖರೇ ಸೌಜನ್ಯ. ಪ್ರತಿ ಮಾತಿನ ನಂತರ ಉತ್ತರಕ್ಕೆ ಕಾಯುವ ಅಂತರ ನೋಡಿ, ನಗೆ ಹುಟ್ಟುವುದು ಆ ಅಂತರದಲ್ಲಿ. ಹುಡುಗರು ಸಾಮಾನ್ಯವಾಗಿ ಅಲ್ಲೇ ಎಡವುತ್ತಾರೆ, ಸುಮ್ಮನಿರಲು ಹೆದರಿ ಮುಂದಿನ ಮಾತಿಗೆ ಹಾರುತ್ತಾರೆ. ತಾಲೀಮಿನಲ್ಲಿ ಹೆಣಕ್ಕೂ ಮಾತು ಬರೆದುಕೊಡಿ, ಹೆಣದ ಪಾತ್ರಧಾರಿ ಅದನ್ನು ಮನಸ್ಸಿನಲ್ಲೇ ಓದಿಕೊಳ್ಳಲಿ, ಎದುರಿನವನು ಅಷ್ಟು ಹೊತ್ತು ಕಾಯಲಿ. ಎರಡು ಮೂರು ತಾಲೀಮಿಗೆ ಅಂತರ ತಾನೇ ಕೂಡಿಬರುತ್ತದೆ.

ಇನ್ನೊಂದು, ವಿನೋದ್ ಮತ್ತು ತರ್ನೇಜಾನ ಸಹಾಯಕ ಅಶೋಕ್ (ಸತೀಶ್ ಕೌಶಿಕ್) ಒಂದೇ ಕೋಣೆಯಲ್ಲಿ ನಿಂತು ಒಬ್ಬರಿಗೊಬ್ಬರು ಫೋನಿನಲ್ಲಿ ಮಾತಾಡುವ ದೃಶ್ಯ. ಈಗಿನ ಹುಡುಗರಿಗೆ ತಂತಿಯ ಫೋನಿನ ಪರಿಚಯವಿಲ್ಲ, ಆದರೂ ಇದು ಕೈಕೊಡುವುದಿಲ್ಲ. ರಂಜಿತ್ ಕಪೂರ್ ಜೊತೆ ಸತೀಶ್ ಕೌಶಿಕ್ ಅವರೇ ಸಂಭಾಷಣೆ ಬರೆದವರು ಎಂಬುದನ್ನೂ ಹೇಳಿ. ಬರೆದವನೇ ಆಡಿದಾಗ ಮಾತಿನ ತೂಕ ಎಷ್ಟು ಕರಾರುವಾಕ್ಕಾಗಿ ಬೀಳುತ್ತದೆ ನೋಡಲಿ.

ಕೊನೆಯ ಬಗ್ಗೆ ಒಂದು ಎಚ್ಚರಿಕೆ. ತರ್ನೇಜಾ ಕಟ್ಟಿಸಿದ ಸೇತುವೆ ಕುಸಿದ ಆರೋಪ ಗೆಳೆಯರ ತಲೆಗೆ ಬರುತ್ತದೆ, ದೊಡ್ಡವರೆಲ್ಲ ಒಳಗೊಳಗೇ ರಾಜಿಯಾಗುತ್ತಾರೆ. ಕೈದಿಗಳ ಬಟ್ಟೆಯಲ್ಲಿ ಇಬ್ಬರೂ ನಡೆದುಬರುವಾಗ ‘ಹಮ್ ಹೋಂಗೆ ಕಾಮಯಾಬ್’ ಹಾಡು, ಕಡೆಗೆ ಕತ್ತು ಕೊಯ್ದ ಸನ್ನೆ. ಹಾಡು ಶುರುವಾದ ಕೂಡಲೇ ಯಾರೋ ಎದ್ದು ದೀಪ ಹಾಕುತ್ತಾರೆ, ಬಾಗಿಲು ತೆಗೆಯುತ್ತಾರೆ. ಸ್ವಿಚ್ಚಿನ ಹತ್ತಿರ ಒಬ್ಬರನ್ನು ನಿಲ್ಲಿಸಿ, ಅಕ್ಷರಗಳು ಮುಗಿಯುವವರೆಗೆ ದೀಪ ಬೇಡ. ಅಷ್ಟು ನಕ್ಕ ಮೇಲೆ ಆ ಸನ್ನೆ ಕತ್ತಲಲ್ಲೇ ತಟ್ಟಬೇಕು.

ತಗಡಿನ ಛಾವಣಿಯ ಹಾಲಿನಲ್ಲಿ ದೊಡ್ಡ ತೊಂದರೆ ಧ್ವನಿಯದು. ಮಹಾಭಾರತದ ದೃಶ್ಯದಲ್ಲಿ ಐದಾರು ಮಂದಿ ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ, ಪ್ರತಿಧ್ವನಿ ಸೇರಿದರೆ ಒಂದೂ ತಿಳಿಯದು. ಎರಡು ಸ್ಪೀಕರ್ ಸಾಕು, ಪರದೆಯ ಪಕ್ಕದಲ್ಲೇ ಕೂತವರ ಕಿವಿಯ ಎತ್ತರಕ್ಕಿಂತ ಒಂದೆರಡು ಅಡಿ ಮೇಲೆ ಇಡಿ, ಹಿಂದಿನ ಗೋಡೆಗೆ ಸ್ಪೀಕರ್ ಬೇಡ. ಮಿಕ್ಸರಿನಲ್ಲಿ 120 ಹರ್ಟ್ಜ್‌ಗಿಂತ ಕೆಳಗಿನದನ್ನು ಇಳಿಸಿ, 2ರಿಂದ 4 ಕಿಲೊಹರ್ಟ್ಜ್ ನಡುವೆ 3 ಡೆಸಿಬಲ್ ಏರಿಸಿ. ಹಿಂದಿನ ಗೋಡೆಗೆ ಜಮಖಾನ ಇಳಿಬಿಟ್ಟರೆ ಅರ್ಧ ಗದ್ದಲ ಅಲ್ಲೇ ಇಂಗುತ್ತದೆ. ಪ್ರೊಜೆಕ್ಟರ್ 3500 ಲ್ಯೂಮೆನ್ನಿಗೆ ಕಡಿಮೆ ಬೇಡ, ಪರದೆ 10 ಅಡಿ ಅಗಲವಿದ್ದರೆ ಸಾಕು. ಚಿತ್ರವನ್ನು ಪರದೆ ತುಂಬುವಂತೆ ಅಗಲಕ್ಕೆ ಜಗ್ಗಬೇಡಿ, ಮುಖಗಳು ಚಪ್ಪಟೆಯಾಗುತ್ತವೆ. 2012ರಲ್ಲಿ ಶುದ್ಧೀಕರಿಸಿದ ಪ್ರತಿ ಮತ್ತೆ ಚಿತ್ರಮಂದಿರಗಳಿಗೆ ಬಂದಿತ್ತು, ಅಂಥ ಪ್ರತಿಯನ್ನೇ ಹುಡುಕಿ. ಹಳೆಯ ಟಿವಿ ಮುದ್ರಣದಲ್ಲಿ ರಾತ್ರಿಯ ದೃಶ್ಯಗಳು ಬರೀ ಕಪ್ಪು.


ಸಾರಥಿ ಮುಧೋಳ

ಟಿಳಕವಾಡಿಯವ್ರು ಸಿನಿಮಾದ್ದು ಹೇಳ್ಯಾರ, ನಾ ರಂಗದ್ದು ಹೇಳ್ತೀನಿ.

ಮೊದಲ ಹೆಣ ಹೆಂಗಿರಬೇಕು ಅನ್ನೂದು ಗಟ್ಟಿ ಮಾಡ್ಕೋರಿ: ಸೆಟದ ಹೆಣನೋ, ಸಡಲ ಹೆಣನೋ. ಖರೇ ಅಂದ್ರ ಸತ್ತ 2ರಿಂದ 6 ತಾಸಿನೊಳಗ ಸೆಡೆತ ಶುರುವಾಗಿ, 12 ತಾಸಿನ ಸುಮಾರಿಗೆ ಪೂರ್ತಿ ಸೆಟದು, ಒಂದೆರಡು ದಿನದಾಗ ಮತ್ತ ಸಡಲತೈತಿ. ನಮ್ಮ ಬಿಸಲಾಗ ಇನ್ನೂ ಲಗೂನ. ಸಿನಿಮಾ ಅಂದ್ರ ತುಣುಕು ತುಣುಕಾಗಿ ತಗದು ಕೂಡಸ್ತಾರ, ಒಂದ್ರಾಗ ಸೆಟದು ಇನ್ನೊಂದ್ರಾಗ ಬಾಗಿದ್ರ ನಡೀತೈತಿ. ರಂಗದ ಮ್ಯಾಲ ಒಂದಾ ಹೆಣ ಒಮ್ಮೆ ಕೋಲಿನಂಗ, ಒಮ್ಮೆ ಚಿಂದಿಯಂಗ ಆತಂದ್ರ ನೋಡಾವ್ರು ನಂಬೂದು ಬಿಡ್ತಾರ, ಅಲ್ಲಿಗೆ ನಗಿನೂ ಹೋತು. 70 ಕಿಲೊ ಆಳಿಗೆ ಸೆಟದ ಹೆಣಾನ ಚಲೊ. ಸಡಲ ಮೈ ಎತ್ತಾಕ ನಾಕ ಮಂದಿ ಬೇಕು, ಸೆಟದ ಮೈಗೆ ಇಬ್ಬರು ಸಾಕು.

ಹೊರೂದು ಅಂದ್ರ ಖರೇನ ಹೊರೂದಲ್ಲ. ಹೆಣ ನಿಂತಾಗ ತನ್ನ ತೂಕ ತಾನಾ ಹೊರಬೇಕು. ಧೋತರ ಇಲ್ಲಾ ಸೀರಿ ನೆಲಕ್ಕ ತಾಗೂವಂಗ ಉಡಸ್ರಿ, ಒಳಗ ಅವ ತುದಿಗಾಲಿಲೆ ಸಣ್ಣ ಹೆಜ್ಜಿ ಇಡತಾನ, ಮ್ಯಾಲ ಭುಜ, ಕುತ್ತಿಗಿ ಅಲುಗಬಾರದು. ಬಟ್ಟಿ ಒಳಗ 4 ಇಂಚು ಅಗಲದ ದಪ್ಪ ಪಟ್ಟಿ ಸೊಂಟಕ್ಕ ಬಿಗದು, ಹಿಂದ ಎರಡು ಹಿಡಿಕಿ ಹೊಲಸ್ರಿ. ಹಿಂದಿನಾವ ಒಂದು ಕೈ ಹಿಡಿಕಿಗೆ, ಒಂದು ಕೈ ಬಗಲಿಗೆ. ಕುತ್ತಿಗಿ, ತಲಿ ಹಿಡದು ಎತ್ತಬ್ಯಾಡ್ರಿ, ಯಾವ ಕಾರಣಕ್ಕೂ ಬ್ಯಾಡ. ಹಿಂದಕ್ಕ ಬೀಳೂದಿದ್ರ ಮೊದಲ ಕುಂಡಿ ನೆಲಕ್ಕ ಮುಟ್ಟಬೇಕು, ಗದ್ದ ಎದಿಗೆ ಒತ್ತಿರಬೇಕು, ತಲಿ ಕಡೀಕ ಬರಬೇಕು. 1 ಇಂಚಿನ ಚಾಪಿ ಹಾಸದ ತಾಲೀಮು ಮಾಡಸಬ್ಯಾಡ್ರಿ.

ಕಣ್ಣು ಪೂರ್ತಿ ತಗದ್ರ ರೆಪ್ಪಿ ಹೊಡೀತಾವು, ಪೂರ್ತಿ ಮುಚ್ಚಿದ್ರ ನಿದ್ದಿ ಹತ್ತಿದಂಗ ಕಾಣತೈತಿ. ಅರ್ಧ ಮುಚ್ಚಿ ನೋಟ ಮೂಗಿನ ತುದಿಗೆ ಇಳಸ್ರಿ. ಉಸಿರು ಎದಿಯಿಂದಲ್ಲ, ಹೊಟ್ಟಿಯಿಂದ. ಕೊರಳಾಗ ದೊಡ್ಡ ಚೆಂಡುಹೂವಿನ ಮಾಲಿ ಹಾಕಿದ್ರ ಉಸಿರಾಟ ಮುಚ್ಚತೈತಿ, ಹಾರ ಹಾಕಿದ ಹೆಣಕ್ಕ ಮಂದಿ ಸನ್ಮಾನ ಮಾಡಾಕ ಬಂದಂಗೂ ಆಗತೈತಿ.

ಗಾಲಿ ಮ್ಯಾಲ ತಳ್ಳೂದಿದ್ರ 3 ಅಡಿ ಉದ್ದ, 1.5 ಅಡಿ ಅಗಲದ ಹಲಗಿಗೆ 4 ಇಂಚಿನ ರಬ್ಬರ್ ಗಾಲಿ ನಾಕು ಬಡೀರಿ, ಹಿಂದಿನ ಎರಡಕ್ಕ ಬ್ರೇಕ್ ಇರಲಿ. ಸಣ್ಣ ಗಾಲಿ ಹಲಗಿ ಸಂದಿನಾಗ ಸಿಗತಾವು, ಹೆಣ ಮುಗ್ಗರಸತೈತಿ. ರಂಗ ಹಲಗಿದಿದ್ರ ಗಾಲಿ ಓಡೂ ಜಾಗಾಕ್ಕಷ್ಟ 6 ಮಿಲಿಮೀಟರ್ ಪ್ಲೈವುಡ್ ಹಾಸಿ ಅಂಚಿಗೆ ಟೇಪು ಬಳೀರಿ.

ಇನ್ನ ಸೀರಿ. ಮುಗೀಲಾರದ ಸೀರಿ ಬೇಕಂದ್ರ ಐದು ಸೀರಿ ಕೂಡಿಸಿ ಹೊಲೀರಿ, ಒಂದೊಂದು 5.5 ಮೀಟರ್ ಹಿಡದ್ರ 27 ಮೀಟರ್ ದಾಟತೈತಿ. ಸಾಧಾರಣ ಎಳತಕ್ಕ ಅರ್ಧ ನಿಮಿಷ ನಡೀತೈತಿ, ಅದಕ್ಕಿಂತ ಹೆಚ್ಚಿಗಿ ಎಳದ್ರ ಬ್ಯಾಸರ. ಪಿನ್ನು ಚುಚ್ಚಬ್ಯಾಡ್ರಿ, ಸೊಂಟದ ಪಟ್ಟಿಗೆ ಸಿಕ್ಕು ಹರೀತೈತಿ. ಹೊಲಿಗಿನ ಹಾಕ್ರಿ, ಅಂಚು ಒಳಗ ಬರಲಿ. ಸೀರಿಯನ್ನ ಮೈಗೆ ಸುತ್ತಬ್ಯಾಡ್ರಿ, ಸುತ್ತಿದ್ರ ಹೆಣ ಬುಗುರಿಯಂಗ ತಿರಗತೈತಿ, ಬಟ್ಟಿ ಹುರಿಗಟ್ಟಿ ಸೊಂಟದಾಗ ಬಿಗೀತೈತಿ. ಹಿಂದ ಒಂದು ಚೀಲ ಕಟ್ಟಿ, ಅದರೊಳಗ ನಿರಿಗಿ ಮಡಚಿದಂಗ ಒಂದರ ಮ್ಯಾಲೊಂದು ಇಟ್ಟು, ಎಡಗಡಿಂದ ಅಷ್ಟ ಎಳೀಬೇಕು. ಕಾಣೂ ಮೊದಲ ಸೀರಿ ಇಳಕಲ್ಲ ಇರಲಿ, ಆದ್ರ ಕೈಮಗ್ಗದ ಅಸಲಿ ಸೀರಿ ಎಳದಾಟಕ್ಕ ಬ್ಯಾಡ. ಇಳಕಲ್ಲ ಸೀರಿಗೆ ಸೆರಗಿನ ಹಾಸು ಬ್ಯಾರೆ, ಒಡಲಿನ ಹಾಸು ಬ್ಯಾರೆ, ಎರಡೂ ಕೊಂಡಿ ಹಾಕಿ ಕೂಡಿಸಿರ್ತಾರ. ಉದ್ದಕ್ಕ ಜಗ್ಗಿದ್ರ ಪೆಟ್ಟು ನೆಟ್ಟಗ ಆ ಕೂಡಿಕಿಗೆ ಬೀಳತೈತಿ. ನೇಕಾರನ ಕೆಲಸ ಹಂಗ ಹಾಳು ಮಾಡಬಾರದು.


ಗುಮ್ಮಟದ ಗಾಳಿ (ವಿಜಯಪುರ)

ಹುಡುಗ್ಯಾರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾ ಬರೀತೀನಿ.

ಸಿನಿಮಾದಾಗ ನಗಿಯ ಗುರಿ ದ್ರೌಪದಿ ಅಲ್ಲ. ಸೀರಿ ಉಟ್ಟಾಂವ ಸತ್ತ ಕಮಿಷನರ್. ವಸ್ತ್ರಾಪಹರಣ ನಡದ್ರ ಗುಟ್ಟು ಬಯಲಾಗ್ತದ ಅಂತ ಅದನ್ನ ತಡೀಲಿಕ್ಕೆ ದುರ್ಯೋಧನನ ವೇಷದಾಂವನ ಒದ್ದಾಡ್ತಾನ. ಆಹುಜಾ ಬಂದು ದ್ರೌಪದಿ ಒಳಗ ತಂದೂ ಪಾಲದ ಅಂತ ಕಂಪನಿ ಷೇರಿನ ಮಾತಾಡ್ತಾನ. ಧೃತರಾಷ್ಟ್ರ ಏನ್ ನಡದದ ಅಂತ ಕೇಳ್ತನ ಇರ್ತಾನ, ಕಡೀಕೆ ಅಕ್ಬರ್ ಬಾದಶಾಹನೂ ರಂಗಕ್ಕ ಬರ್ತಾನ. ಅಂದ್ರ ಗುರಿ ಪಾಲು ಕೇಳೋ ಗಂಡಸರು. ಅಷ್ಟಾದ್ರೂ ಸಿನಿಮಾದಾಗ ಇದು ಕೆಲಸ ಮಾಡೋದು ಎರಡು ತಾಸಿನ ಕಥಿ ಹಿಂದ ಇದ್ದದ್ದಕ್ಕ. ಹೆಣ ಯಾರದು, ಯಾಕ ಎಲ್ಲಾರಿಗೂ ಬೇಕು ಅನ್ನೋದು ನಮಗ ಗೊತ್ತಿರ್ತದ. 20 ನಿಮಿಷದ ಪ್ರಯೋಗದಾಗ ಆ ಹಿನ್ನೆಲಿ ಇರೋದಿಲ್ಲ, ಉಳಿಯೋದು ಸೀರಿ ಎಳಿಯೋದು ಅಷ್ಟ. ಹುಡುಗ್ಯಾರ ಅನುಮಾನ ನಿಮ್ಮ ಪ್ರಯೋಗದ ಮಟ್ಟಿಗೆ ಸರಿ ಅದ.

ಅನುಮತಿದೂ ಅಷ್ಟ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ, ಅಂದ್ರ ಇದಕ್ಕ 2043ರ ಕೊನೀತನ. ಕಾಲೇಜಿನೊಳಗ ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರು, ಸಂಸ್ಥೆಗೆ ಸಂಬಂಧಪಟ್ಟವರಿಗೆ ಅಷ್ಟ ತೋರಿಸಿದ್ರ 52ನೇ ಕಲಮಿನಾಗ ವಿನಾಯಿತಿ ಅದ. ಊರ ಮಂದಿನ್ನ ಕರದ್ರ ಆ ವಿನಾಯಿತಿ ಹೋಗ್ತದ. ಅದಕ್ಕ 120 ಮಂದಿ ಯಾರ್ಯಾರು ಅಂತ ಮೊದಲ ಪಟ್ಟಿ ಮಾಡ್ರಿ. ಸಿನಿಮಾದ ದೃಶ್ಯ, ಸಂಭಾಷಣೆ ತಗೊಂಡು ಕನ್ನಡದಾಗ ರೂಪಾಂತರ ಮಾಡೋದು ಬ್ಯಾರೆ ಹಕ್ಕು, ಅದಕ್ಕ ಲಿಖಿತ ಒಪ್ಪಿಗಿ ಬೇಕು. ನಿರ್ಮಿಸಿದ್ದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಪತ್ರ ಅಲ್ಲಿಗೆ ಬರೀಬೇಕು.

ಅದಕ್ಕಿಂತ ಚಲೊ ದಾರಿ ನಿಮ್ಮ ಜಿಲ್ಲಾದಾಗನ ಅದ. ರನ್ನ ಮುಧೋಳದಾಂವ, ‘ಗದಾಯುದ್ಧ’ ನಿಮ್ಮ ಮನಿ ಸ್ವತ್ತು, ಯಾರ ಒಪ್ಪಿಗಿನೂ ಬೇಕಿಲ್ಲ. ದುರ್ಯೋಧನ ವೈಶಂಪಾಯನ ಸರೋವರದಾಗ ಅಡಗಿದ್ದಾನ. ಭೀಮ ದಂಡಿ ಮ್ಯಾಲ ನಿಂತು ಮೂದಲಿಸ್ತಾನ. ಮೂಲದಾಗ ಆ ಗರ್ಜನೆ ಕೇಳಿ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’, ಅಂದ್ರ ನೀರೊಳಗ ಇದ್ರೂ ದುರ್ಯೋಧನ ಬೆವತ. ನಿಮ್ಮ ಪ್ರಯೋಗದಾಗ ದುರ್ಯೋಧನನ ವೇಷದಾಗ ನೀರೊಳಗ ಇರೋದು ಹೆಣ. ಭೀಮ ಎಷ್ಟು ಬೈದ್ರೂ ಏಳೋದಿಲ್ಲ. ಬೈಗುಳ ತೀರಿದ ಮ್ಯಾಲ ಭೀಮ ರಮಿಸ್ತಾನ, ಆಮ್ಯಾಲ ಕೈ ಮುಗೀತಾನ. ಈ ಕಡಿ ರಂಗದ ಪಕ್ಕದಾಗ ಹೆಣದ ವಾರಸುದಾರರು ಅಂತ ಇಬ್ಬರು ಗುತ್ತಿಗೆದಾರರು ಬಂದು ನಿಲ್ತಾರ. ಸಾಯೋಕಿಂತ ಮೊದಲ ಅವ ಯಾವ ಕಾಗದಕ್ಕ ಸಹಿ ಮಾಡಿದ್ದ ಅನ್ನೋದು ಅವರ ಚಿಂತಿ. ಇಲ್ಲಿ ಹೆಣ್ಣಿನ ಮಾನದ ಪ್ರಶ್ನಿನ ಬರೋದಿಲ್ಲ, ಅಧಿಕಾರದ ಆಸೆ ಪೂರ್ತಿ ಉಳೀತದ.


ಘಟಪ್ರಭಾ ದಂಡಿ (ಬಾಗಲಕೋಟೆ)

ಗುಮ್ಮಟದವ್ರ, ಇದು ಭಾಳ ಹಿಡಸ್ತರಿ. ಹುಡುಗ್ಯಾರಿಗೂ ತೋರಿಸ್ದೆ, ಒಪ್ಪ್ಯಾರ. ಭೀಮನ ಪಾತ್ರ ತಾವಾ ಮಾಡ್ತೀವಿ ಅನ್ನಾಕತ್ತಾರ. ಸಾರಥಿ ಅಣ್ಣಾರ, ಸರೋವರ ಹೆಂಗ ತೋರಿಸೂದು? ಹೆಣ ನೀರಿಂದ ಮ್ಯಾಲ ಬರೂದು ಹೆಂಗ? ದೊಡ್ಡಾಟದ ವೇಷ ಹಾಕಬಹುದೇನು?


ಸಾರಥಿ ಮುಧೋಳ

ಹಾಕ್ರಿ, ಆದ್ರ ಹೆಣಕ್ಕ ಭುಜಕೀರ್ತಿ ಬ್ಯಾಡ. ಅಗಲ ಆಗಿ ಹೊರಾವ್ರ ಮಾರಿಗೆ ಬಡೀತೈತಿ, ಮಲಗಿದಾಗ ಮುರೀತೈತಿ. ಕಿರೀಟ ಒಂದಾ ಸಾಕು, ಗದ್ದದ ಕೆಳಗ ಪಟ್ಟಿ ಕಟ್ಟಿ ಗಟ್ಟಿ ಮಾಡ್ರಿ. ಭೀಮನ ಹುಡುಗಿಗೆ ಪೂರ್ತಿ ವೇಷ ಇರಲಿ.

ಸರೋವರಕ್ಕ 15 ಅಡಿ ಉದ್ದ, 5 ಅಡಿ ಅಗಲದ ತೆಳು ನೀಲಿ ಬಟ್ಟಿ ಸಾಕು. ಎರಡೂ ತುದಿಗೆ ಇಬ್ಬಿಬ್ಬರು ಮಂಡಿ ಊರಿ ಹಿಡದು ಸಣ್ಣಗ ಅಲಗಸ್ಬೇಕು. ಬಟ್ಟಿ ನೆಲದಿಂದ ಒಂದೂವರಿ ಅಡಿ ಮ್ಯಾಲಿರಲಿ, ಹೆಣ ಅದರ ಹಿಂದ ಗಾಲಿ ಹಲಗಿ ಮ್ಯಾಲ ಅಂಗಾತ ಮಲಗಿರಲಿ. ಏಳೂವಾಗ ಹಿಂದ ಅಡಗಿ ಕುಂತ ಇಬ್ಬರು ಸೊಂಟದ ಹಿಡಿಕಿ ಹಿಡದು ಎತ್ತತಾರ, ಹೆಣ ಮೊಣಕಾಲು ಮಡಚದ ಹಲಗಿಯಂಗ ನೆಟ್ಟಗ ಬರಬೇಕು. ಎತ್ತೂಕಿಂತ ಮೊದಲ ಗಾಲಿಗೆ ಬ್ರೇಕ್ ಹಾಕೂದು ಮರೀಬ್ಯಾಡ್ರಿ, ಹಲಗಿ ಹಿಂದಕ್ಕ ಸರದ್ರ ಮೂರೂ ಮಂದಿ ಬೀಳ್ತಾರ.

ನನ್ನ ಲೆಕ್ಕದಾಗ ಈ ಪ್ರಸಂಗದ ಜೀವ ಸಾರಥಿ. ದೊಡ್ಡಾಟದಾಗ ಹೊಸಾ ಪಾತ್ರ ರಂಗಕ್ಕ ಬಂತಂದ್ರ ನೀವು ಯಾರು, ಯಾವ ದೇಶದವರು, ಬಂದ ಕಾರಣೇನು ಅಂತ ಕೇಳಾವ ಅವ. ಹೆಣ ಎದ್ದು ನಿಂತ ಕೂಡಲೆ ಸಾರಥಿ ಪದ್ಧತಿ ಪ್ರಕಾರ ಕೇಳಬೇಕು. ಉತ್ತರ ಇಲ್ಲ. ಮತ್ತೊಮ್ಮೆ, ಇನ್ನೂ ಮರ್ಯಾದಿಲೆ. ಉತ್ತರ ಇಲ್ಲ. ಮೂರನೇ ಸಲಕ್ಕ ಗುತ್ತಿಗೆದಾರರು ಇಬ್ಬರೂ ಒಮ್ಮೆಲೆ ಹೆಣದ ಪರವಾಗಿ ಉತ್ತರ ಕೊಡ್ತಾರ, ಒಬ್ಬಂದೊಂದು, ಇನ್ನೊಬ್ಬಂದೊಂದು. ಸಾರಥಿ ಎರಡನ್ನೂ ನಂಬಬೇಕು. ಸಾರಥಿ ಪಾತ್ರಧಾರಿಗೆ ನಗಿ ಬರೂವಂಗಿದ್ರ ಆ ಪಾತ್ರ ಬ್ಯಾರೆಯವರಿಗೆ ಕೊಡ್ರಿ.


ಟಿಳಕವಾಡಿ ಟಾಕೀಜ್ (ಬೆಳಗಾವಿ)

ಸಾರಥಿಯವರು ಹೇಳಿದ ಮೂರು ಸಲದ ಕ್ರಮಕ್ಕೆ ಒಂದು ಸೇರಿಸುತ್ತೇನೆ. ಮೂರೂ ಸಲ ಒಂದೇ ಅಂತರ ಬೇಡ. ಮೊದಲ ಪ್ರಶ್ನೆಯ ನಂತರ ಎರಡು ಉಸಿರು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಅಂತರವೇ ಇಲ್ಲದೆ ಗುತ್ತಿಗೆದಾರರು ನುಗ್ಗಲಿ. ಸಭೆ ನಗುತ್ತಿರುವಾಗ ಯಾರೂ ಮಾತು ಶುರುಮಾಡಬಾರದು, ನಗೆ ಇಳಿಯುವ ಹೊತ್ತಿಗೆ ಎತ್ತಿಕೊಳ್ಳಬೇಕು. ಹೆಣಕ್ಕೆ ಕೆಮ್ಮು ಬಂದರೆ ಏನು ಮಾಡಬೇಕೆಂದೂ ಮೊದಲೇ ಗೊತ್ತುಮಾಡಿಕೊಳ್ಳಿ. ಹೆಣದವನು ಪಟ್ಟಿ ಹಿಡಿದವನ ಕೈಯನ್ನು ಎರಡು ಸಲ ಅದುಮಿದರೆ ನೀಲಿ ಬಟ್ಟೆ ಎತ್ತರಕ್ಕೇಳಿ ಮುಖ ಮುಚ್ಚಲಿ, ಭೀಮ ಜೋರಾಗಿ ಗರ್ಜಿಸಲಿ.

ಸಿನಿಮಾ ಮತ್ತು ಪ್ರಯೋಗ ಒಂದೇ ದಿನ ಇಡಬೇಡಿ. ಓಂ ಪುರಿಯನ್ನು ನೋಡಿದ ಬೆನ್ನಿಗೇ ರಂಗಕ್ಕೆ ಬಂದ ಹುಡುಗರು ಅವರನ್ನೇ ಅನುಕರಿಸುತ್ತಾರೆ. ನಡುವೆ ಒಂದು ವಾರ ಬಿಡಿ.


ಗುಮ್ಮಟದ ಗಾಳಿ (ವಿಜಯಪುರ)

ವಾರ ಬಿಡೋದು ಸರಿ. ಇನ್ನೊಂದು ಮಾತು, ಭೀಮನ ಗದಿ ಕಟ್ಟಿಗಿದು ಮಾಡಬ್ಯಾಡ್ರಿ. ಹೆಣ ಕಣ್ಣು ಅರ್ಧ ಮುಚ್ಚಿರ್ತದ, ಏಟು ಬರೋದು ಕಾಣೋದಿಲ್ಲ, ತಪ್ಪಿಸ್ಕೊಳ್ಳಲಿಕ್ಕೂ ಬರೋದಿಲ್ಲ. ಥರ್ಮಾಕೋಲ್ ಚೆಂಡಿಗೆ ಹಳೇ ಪೇಪರ್ ಮೈದಾ ಅಂಟಿಲೆ ನಾಕೈದು ಪದರ ಮೆತ್ತಿ, ಎರಡು ದಿನ ನೆರಳಾಗ ಒಣಗಿಸಿ ಬಣ್ಣ ಹಚ್ಚರಿ. ಹಿಡಿಕಿಗೆ ಪಿವಿಸಿ ಪೈಪ್ ಸಾಕು. ಪೈಪಿನ ತುದಿ ಚೆಂಡಿನೊಳಗ ಪೂರ್ತಿ ಹೋಗಿ ಅಂಟಿರಬೇಕು, ಇಲ್ಲಾಂದ್ರ ಬೀಸೋ ಹೊತ್ತಿಗೆ ಚೆಂಡು ಕಳಚಿ ಸಭಾದಾಗ ಹೋಗಿ ಬೀಳ್ತದ.